ಚಿಕ್ಕಮ್ಮನ ಎಡಪಕ್ಕೆ

ಹೋದ ತಿಂಗಳು ದೊಡ್ಡ ಮಗಳು ಬಂದವಳು ಸುಮ್ಮನೆ ಕೂರಲಾರದೆ ಅಟ್ಟ ಗುಡಿಸಲು ಹತ್ತಿದಳು. ಹಳೆಯ ಟ್ರಂಕಿನ ತಳದಿಂದ ಒಂದು ಬಟ್ಟೆಯ ಪಟ್ಟಿ ಎಳೆದು, ಇದು ನೆಲ ಒರೆಸೋದಕ್ಕೆ ಆಗುತ್ತೆ ಅಲ್ವಾ ಅಂದಳು. ಗೇಣಗಲ, ಮೂರು ಗಜ ಉದ್ದ, ಬಣ್ಣ ಹಾಕದ ಹತ್ತಿ ನೂಲು. ಎರಡು ಅಂಚೂ ಸೊಟ್ಟ. ನಮ್ಮದು ನೇಕಾರರ ಮನೆ, ಅಂಚು ಸೊಟ್ಟಗಿರುವ ಬಟ್ಟೆಯನ್ನು ಒರೆಸುವುದಕ್ಕೂ ಇಟ್ಟುಕೊಳ್ಳುವವರಲ್ಲ. ಆದರೂ ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡೆ. ಸ್ವಲ್ಪ ಜೋರಾಗೇ ಕಿತ್ತುಕೊಂಡೆನೇನೋ, ಮಗಳು ಪಿಳಿಪಿಳಿ ನೋಡಿದಳು. ಮೂಗಿಗೆ ಹಿಡಿದರೆ ನೂಲಿನ ಗಂಜಿಯ ವಾಸನೆ, ಅದರಡಿಯಲ್ಲಿ ಬೇವಿನೆಣ್ಣೆ... ಇಷ್ಟು ವರ್ಷ ಆದಮೇಲೂ.

ಅದು ನನ್ನ ಚಿಕ್ಕಮ್ಮನದು. ಅಮ್ಮನ ಕಡೆ ಮೂವರು ಒಡಹುಟ್ಟಿದವರು. ಅಮ್ಮ ದೊಡ್ಡವಳು, ಚಿಕ್ಕಮ್ಮ ನಡುವಿನವಳು, ಕೊನೆಗೆ ಒಬ್ಬ ತಮ್ಮ. ನನಗೆ ಎಂಟು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಹೇನು ತೆಗೆದದ್ದು, ಶಾಲೆಗೆ ಹೋಗದಿದ್ದರೆ ಬೆನ್ನಿಗೆ ಗುದ್ದಿದ್ದು ಎಲ್ಲ ಚಿಕ್ಕಮ್ಮನೇ. ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟರು. ಎರಡೇ ವರ್ಷಕ್ಕೆ ಗಂಡ ತೀರಿಹೋದ, ಮಕ್ಕಳಾಗಲಿಲ್ಲ. ಹಿಂದೂಪುರಕ್ಕೆ ವಾಪಸು ಬಾ ಅಂತ ಎಲ್ಲರೂ ಕರೆದರು, ಬರಲಿಲ್ಲ. ಗಂಡ ಬಿಟ್ಟುಹೋದ ಮಗ್ಗದ ಗುಂಡಿಗೆ ತಾನೇ ಇಳಿದು ಕೂತಳು. ನಮ್ಮವರಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಗಂಜಿ ಹಾಕುತ್ತಾರೆ, ಮಗ್ಗಕ್ಕೆ ಕೂರುವುದು ಗಂಡಸರು. ಬೀದಿಯವರು ಒಂದು ವರ್ಷ ಆಡಿಕೊಂಡರು, ಎರಡನೆಯ ವರ್ಷ ಅವಳ ಸೀರೆಯ ಅಂಚು ನೋಡಿ ಬಾಯಿ ಮುಚ್ಚಿಕೊಂಡರು.

ನನಗೆ ಹದಿನೆಂಟಾದಾಗ ಓಡಾಡಿ ನನ್ನನ್ನು ತನ್ನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ತಂದುಕೊಂಡವಳೂ ಅವಳೇ. ನಮ್ಮ ಕಡೆ ಅದು ಹೇಳಿಕೊಳ್ಳುವ ವಿಷಯವೇ ಅಲ್ಲ. ಅಕ್ಕನ ಮಗಳು ಇದ್ದೂ ತಮ್ಮ ಬೇರೆ ಕಡೆ ಹೆಣ್ಣು ನೋಡಲು ಹೋದರೆ ಅದು ಹೇಳಿಕೊಳ್ಳುವ ವಿಷಯ. ಮದುವೆಯಾದ ಮೇಲೆ ಚಿಕ್ಕಮ್ಮ ನನಗೆ ಅತ್ತಿಗೆಯಾಗಬೇಕಿತ್ತು. ನಾನು ಚಿಕ್ಕಮ್ಮ ಅಂತಲೇ ಕರೆದೆ. ಗಂಡನನ್ನೂ ಮೊದಲಿನ ಹಾಗೆ ಮಾವ ಅಂತಲೇ ಕರೆದೆ. ಹೊಸದಾಗಿ ಕರೆಯಲು ನನಗೆ ಬಾಯಿ ತಿರುಗಲಿಲ್ಲ, ಯಾರೂ ತಿದ್ದಲೂ ಇಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಆರು, ಚಿಕ್ಕವಳಿಗೆ ಮೂರು. ಹಿಂದೂಪುರದಲ್ಲಿ ಎರಡು ಮಗ್ಗ. ಮಾವ ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊದಿಕೊಂಡಿರುತ್ತಿತ್ತು. ಸಂಜೆಗೆ ಆ ಊತ ಕಾಲಿಗೆ ಇಳಿಯುತ್ತಿತ್ತು. ಊರಿನ ಡಾಕ್ಟರು ಉಪ್ಪು ಬಿಡಿ ಅಂದರು, ನಾವು ಉಪ್ಪು ಬಿಟ್ಟೆವು. ಊಟ ಬಿಡುವ ಹಾಗಾಯಿತು, ಆಮೇಲೆ ವಾಂತಿ. ಬೆಂಗಳೂರಿಗೆ ಹೋದಾಗ ರಕ್ತ ನೋಡಿದವರು ಅವತ್ತೇ ಮಲಗಿಸಿಕೊಂಡರು. ಎರಡು ಕಿಡ್ನಿಯೂ ಸುಸ್ತಾಗಿ ಕೂತಿವೆ ಅಂದರು. ವಾರಕ್ಕೆ ಎರಡು ಸಲ ಬೆಳಗಿನ ರೈಲು ಹಿಡಿದು ಡಯಾಲಿಸಿಸ್‌ಗೆ ಹೋಗುವುದು, ಮರುದಿನ ಬಂದು ಬಿದ್ದುಕೊಳ್ಳುವುದು ಶುರುವಾಯಿತು. ಹೀಗೇ ಬಹಳ ದಿನ ಎಳೆಯಲು ಆಗುವುದಿಲ್ಲ, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾರೆ ಅಂತ ಅಲ್ಲಿಯ ದೊಡ್ಡ ಡಾಕ್ಟರು ಹೇಳಿದರು. ಸುದ್ದಿ ತಿಳಿದ ಮೂರನೆಯ ದಿನ ಚಿಕ್ಕಮ್ಮ ಮಗ್ಗದ ಮೇಲೆ ಬಟ್ಟೆ ಹೊದಿಸಿ ಬಂದಳು.

ಆಸ್ಪತ್ರೆಯಲ್ಲಿ ಫಾರಂ ತುಂಬುವ ಒಬ್ಬ ಮೇಡಂ ಇದ್ದರು. ನಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಕಾಗದದ ಮೇಲೆ ನಮ್ಮ ವಂಶ ಬರೆಯಲು ಹೊರಟರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಸತ್ತವರ ಮೇಲೆ ಒಂದು ಅಡ್ಡಗೆರೆ. ಅಪ್ಪ ಅಮ್ಮ ಇದ್ದಾರಾ ಅಂತ ಮಾವನನ್ನು ಕೇಳಿದರು. ಇಲ್ಲ ಅಂದರು. ಎರಡು ಅಡ್ಡಗೆರೆ ಬಿತ್ತು. ಒಡಹುಟ್ಟಿದವರು? ಒಬ್ಬ ಅಕ್ಕ ಇಲ್ಲೇ ಕೂತಿದ್ದಾಳೆ, ದೊಡ್ಡಕ್ಕ ಒಬ್ಬಳಿದ್ದಳು, ಹೋಗಿಬಿಟ್ಟಳು ಅಂದರು. ಮತ್ತೊಂದು ಅಡ್ಡಗೆರೆ. ಮಕ್ಕಳು ಚಿಕ್ಕವರು. ಇವರು? ಹೆಂಡತಿ. ಮೇಡಂ ಮಾವನ ಚೌಕದ ಪಕ್ಕದಲ್ಲಿ ಬೇರೆಯಾಗಿ ಒಂದು ಸೊನ್ನೆ ಬರೆದು, ರಕ್ತಸಂಬಂಧ ಅಲ್ಲ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಕೆಳಗೆ ಬರೆದರು. ಆ ಆಸ್ಪತ್ರೆಯಲ್ಲಿ ಆಗ ರಕ್ತಸಂಬಂಧದವರದ್ದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಹೊರಗಿನವರ ಕಿಡ್ನಿಯನ್ನು ಮೈ ಒಪ್ಪಿಕೊಳ್ಳುವುದು ಕಷ್ಟ, ಹೆಂಡತಿಯಾದರೂ ಅದಕ್ಕೆ ಹೊರಗಿನವಳೇ ಅಂತ ಮೇಡಂ ಬಿಡಿಸಿ ಹೇಳಿದರು. ಮಾವ ತಲೆಯಾಡಿಸಿದರು. ಅವರಿಗೆ ಹೊಳೆಯಲೇ ಇಲ್ಲ. ಹೆಂಡತಿ ಅಂದರೆ ಹೆಂಡತಿ. ಅವಳು ಯಾರ ಮಗಳು ಅಂತ ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಕಾಗದ ನೋಡುತ್ತಾ ಕೂತಿದ್ದೆ. ಅಡ್ಡಗೆರೆ ಬಿದ್ದ ಆ ಸೊನ್ನೆ ನನ್ನ ಅಮ್ಮ. ಅಲ್ಲಿಂದ ಒಂದು ಗೆರೆ ಕೆಳಗಿಳಿದು ನನಗೆ ಬಂದು ಸೇರಬೇಕು. ಮಾವನ ರಕ್ತದ ಗುಂಪೂ ನನ್ನದೂ ಒಂದೇ, ಅದು ನನ್ನ ಹೆರಿಗೆ ಕಾರ್ಡಿನಲ್ಲೇ ಇತ್ತು. ಮೇಡಂ ತಲೆಯೆತ್ತಿ, ಇನ್ನೇನಾದರೂ ಹೇಳುವುದಿದೆಯಾ ಅಂದರು. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತಾ, ಇಲ್ಲ ಅಂದೆ.

ಎರಡು ಮಕ್ಕಳ ಮುಖ ಕಣ್ಣ ಮುಂದೆ ಬಂತು ಅಂತ ಆಮೇಲೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಒಳ್ಳೆ ನೆಪ. ನಿಜ ಹೇಳಬೇಕೆಂದರೆ ನನಗೆ ಕತ್ತಿಯ ಭಯ. ಹೆದರಿಬಿಟ್ಟೆ, ಅಷ್ಟೆ. ನನ್ನದು ಹೊಂದುತ್ತಿತ್ತೋ ಇಲ್ಲವೋ, ಅಕ್ಕನ ಮಗಳು ದೂರವಾಯಿತು ಅಂತ ಅವರೇ ಬೇಡ ಅನ್ನುತ್ತಿದ್ದರೋ ಏನೋ. ಅದು ಗೊತ್ತಾಗುವುದಕ್ಕೆ ಮೊದಲು ನಾನು ಬಾಯಿ ಬಿಡಬೇಕಿತ್ತು.

ಬಾಯಿ ಬಿಡುವುದಕ್ಕೆ ಎರಡು ತಿಂಗಳು ಸಮಯವಿತ್ತು. ಚಿಕ್ಕಮ್ಮನ ಪರೀಕ್ಷೆಗಳೇ ಅಷ್ಟು. ರಕ್ತ ಆಯಿತು, ಎದೆ ಆಯಿತು, ಬಿಪಿ, ಸಕ್ಕರೆ. ತಮ್ಮನಿಗೂ ಅವಳಿಗೂ ಎಷ್ಟು ಹೊಂದುತ್ತದೆ ಅಂತ ಮತ್ತೊಂದು ರಕ್ತ. ಅರ್ಧ ಹೊಂದುತ್ತೆ, ಸಾಕು ಅಂದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದು ತರಬೇಕಿತ್ತು. ಅವಳು ಅದನ್ನು ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಕೂತರೆ, ಎದುರಿನ ಸೀಟಿನವನು ಮಜ್ಜಿಗೆಯಾ ಅಂತ ಕೇಳಿದ. ಹೌದು, ಸ್ವಲ್ಪ ಹುಳಿ ಜಾಸ್ತಿಯಾಗಿದೆ ಅಂದಳು. ಮಾವ ಕಾಯಿಲೆ ಬಿದ್ದಮೇಲೆ ನಕ್ಕಿದ್ದು ಅವತ್ತೇ. ಅಕ್ಕ ತಮ್ಮ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕೊನೆಗೆ ತೊಡೆಸಂದಿಯ ರಕ್ತನಾಳದಿಂದ ಬಣ್ಣ ಹಾಯಿಸಿ ಒಂದು ಚಿತ್ರ ತೆಗೆದರು. ತೊಡೆಯ ಮೇಲೆ ಮರಳಿನ ಚೀಲ ಇಟ್ಟುಕೊಂಡು ಅವಳು ಇಡೀ ದಿನ ಅಲ್ಲಾಡದೆ ಮಲಗಿದ್ದಳು. ಮರುದಿನ ಆಪರೇಷನ್ ಮಾಡುವ ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡರಲ್ಲಿ ಒಂದು ಚೂರು ಕಮ್ಮಿಯಾಗಿದ್ದರೂ ಒಳ್ಳೆಯದನ್ನು ಕೊಡುವವರ ಮೈಯಲ್ಲೇ ಬಿಡುವುದು ತಮ್ಮ ಪದ್ಧತಿ, ಇವರದು ಎರಡೂ ಸಮ ಇರುವುದರಿಂದ ಎಡಗಡೆಯದು ತೆಗೆಯುತ್ತೇವೆ ಅಂದರು. ಎಡಗಡೆಯದರ ರಕ್ತನಾಳ ಉದ್ದ, ತಮ್ಮನ ಹೊಟ್ಟೆಯಲ್ಲಿಟ್ಟು ಹೊಲಿಯುವುದು ಸುಲಭ. ಪಕ್ಕಕ್ಕೆ ಮಲಗಿಸಿ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಕ್ಕೆಯಗುಂಟ ಕುಯ್ಯಬೇಕು. ಜಾಗ ಸಾಲದೆ ಇದ್ದರೆ ಕೊನೆಯ ಪಕ್ಕೆಲುಬಿನ ಒಂದು ತುಂಡನ್ನೂ ತೆಗೆಯಬೇಕಾಗುತ್ತದೆ.

ಅಲ್ಲಿಯವರೆಗೆ ಎಲ್ಲದಕ್ಕೂ ಹೂಂಗುಟ್ಟಿದ್ದ ಚಿಕ್ಕಮ್ಮ ಆಗ ಮಾತ್ರ ತಡೆದಳು.

"ಬಲಗಡೇದು ತಕ್ಕಳಿ ಸಾರ್," ಅಂದಳು. "ಎಡಗೈಯಾಗೆ ಹಲಗೆ ಎಳೀಬೇಕು ನಾನು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಕೂತಲ್ಲೇ ಮಾಡಿ ತೋರಿಸಿದಳು. ಬಲಗೈ ಲಾಳಿಯ ದಾರ ಜಗ್ಗುತ್ತದೆ, ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಅದು ಓಡಿದ ಮೇಲೆ ಎಡಗೈ ಹಲಗೆಯನ್ನು ಮೈಕಡೆಗೆ ಎಳೆದು ಎಳೆಯನ್ನು ಬಡಿದು ಕೂರಿಸಬೇಕು. ದಿನಕ್ಕೆ ಸಾವಿರ ಸಲವೋ ಎಷ್ಟೋ. ಆ ಎಳೆತವೆಲ್ಲ ಎಡಪಕ್ಕೆಯದು. ಡಾಕ್ಟರು ಪಾಪ ಗೌರವದಿಂದಲೇ ಕೇಳಿಸಿಕೊಂಡರು. ಬಲಗಡೆಯ ರಕ್ತನಾಳ ಗಿಡ್ಡ, ಹೊಲಿಯುವಾಗ ತಮ್ಮನಿಗೆ ಅಪಾಯ ಜಾಸ್ತಿ, ಹಟ ಮಾಡಿದರೆ ನೋಡೋಣ ಅಂದರು. ತಮ್ಮನಿಗೆ ಅಂದಿದ್ದೇ ಸಾಕಾಯಿತು. ಆಯ್ತು ಬುಡಿ ಅಂತ ಸೆರಗು ಸರಿಮಾಡಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ನಾನು ಮಗ್ಗಕ್ಕೆ ಕೂರುವವಳಲ್ಲ, ನನ್ನ ಪಕ್ಕೆ ಯಾವ ಹಲಗೆಯನ್ನೂ ಎಳೆಯಬೇಕಿರಲಿಲ್ಲ. ಅವತ್ತೂ ಮಾತಾಡಲಿಲ್ಲ.

ಆಪರೇಷನ್ ಬೆಳಿಗ್ಗೆ ಶುರುವಾಯಿತು. ಅಕ್ಕಪಕ್ಕದ ಎರಡು ಕೋಣೆ. ಮಧ್ಯಾಹ್ನ ಒಬ್ಬ ನರ್ಸು ಹೊರಗೆ ಬಂದು ಒಳಗಿಟ್ಟ ಕಿಡ್ನಿ ಆಗಲೇ ಮೂತ್ರ ಮಾಡುತ್ತಿದೆ ಅಂದಾಗ ನನಗೆ ಅಳು ಬಂದುಬಿಟ್ಟಿತು, ಅಷ್ಟು ಖುಷಿಯಾಯಿತು. ಮಾವನ ಬಣ್ಣ ನಾಲ್ಕು ದಿನದಲ್ಲಿ ತಿರುಗಿತು. ಚಿಕ್ಕಮ್ಮ ಕೆಮ್ಮಲಾರದೆ, ನಗಲಾರದೆ, ಪಕ್ಕೆಗೆ ದಿಂಬು ಒತ್ತಿಕೊಂಡು ಮಲಗಿದ್ದಳು. ಕೊಟ್ಟವರಿಗೇ ನೋವು ಜಾಸ್ತಿ ಅಂತ ನರ್ಸುಗಳೂ ಹೇಳುತ್ತಿದ್ದರು. ತೆಗೆಸಿಕೊಂಡದ್ದು ಒಂದಲ್ಲ, ಎರಡು ಕಣೆ, ಮೂಳೇನೂ ಇಸ್ಕಂಡ್ರು ಅಂತ ನನಗೆ ಹೇಳಿದಳು. ಹೇಳುವಾಗಲೂ ತಮಾಷೆಯ ಮುಖವೇ.

ಗಾಯ ಮಾಯಿತು, ಪಕ್ಕೆ ಮಾಯಲಿಲ್ಲ. ಕುಯ್ದ ಜಾಗದ ಕೆಳಗೆ ಒಂದು ಮುಷ್ಟಿಯಷ್ಟು ಉಬ್ಬು ನಿಂತಿತು. ಅದು ಹರ್ನಿಯಾ ಅಲ್ಲ, ಅಲ್ಲಿಯ ನರ ಸತ್ತು ಸ್ನಾಯು ಸಡಿಲವಾಗಿದೆ, ಕೆಲವರಿಗೆ ಹೀಗಾಗುತ್ತದೆ ಅಂದರು. ಅವಳಿಗೆ ಉಳಿದ ಒಂದು ಕಿಡ್ನಿ ಕಲ್ಲಿನ ಹಾಗೆ ಗಟ್ಟಿಯಿತ್ತು, ಅದರಲ್ಲಿ ಕೊರತೆಯಿಲ್ಲ. ಕಷ್ಟವೆಲ್ಲ ಮಗ್ಗದ್ದು. ಆರು ತಿಂಗಳು ಬಿಟ್ಟು ಗುಂಡಿಗೆ ಇಳಿದಳು. ನಾಲ್ಕು ಸಲ ಹಲಗೆ ಎಳೆದರೆ ಉಸಿರು ಹಿಡಿದುಕೊಳ್ಳುತ್ತಿತ್ತು. ಪಕ್ಕೆಗೆ ಬೇವಿನೆಣ್ಣೆ ತಿಕ್ಕಿ ಬಿಗಿಯಾಗಿ ಕಟ್ಟಿಕೊಂಡರೆ ಎಳೆಯಬಹುದೇನೋ ಅಂತ, ಕಟ್ಟಿಕೊಳ್ಳಲು ಒಂದು ಪಟ್ಟಿಯನ್ನು ತಾನೇ ನೇಯಲು ಕೂತಳು. ಮೂರು ಗಜಕ್ಕೆ ತಿಂಗಳು ಹಿಡಿಯಿತು. ಒಮ್ಮೆ ಬಿಗಿ, ಒಮ್ಮೆ ಸಡಿಲ, ಅಂಚು ಹಾವಿನ ಹಾಗೆ ಓಡಿತ್ತು. ಅವಳು ನೇಯ್ದ ಕೊನೆಯ ಬಟ್ಟೆ ಅದು. ಆಮೇಲೆ ಗುಂಡಿಗೆ ಹಲಗೆ ಮುಚ್ಚಿಸಿ, ಅದರ ಮೇಲೆ ಕಡಲೆಕಾಯಿ ಮೂಟೆ ಇಳಿಸಿಕೊಂಡು, ಸುಲಿದು ಬೀಜ ಮಾಡುವ ಕೆಲಸ ಹಿಡಿದಳು.

ಮಾವ ಆಪರೇಷನ್ ಆದ ಮೇಲೆ ಏಳು ವರ್ಷ ಬದುಕಿದರು. ಚೆನ್ನಾಗೇ ಬದುಕಿದರು. ಮಕ್ಕಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟರು, ಮಗ್ಗಕ್ಕೆ ಕೂತರು, ನನ್ನ ಜೊತೆ ಜಗಳವಾಡಿದರು. ನಾನು ಆ ಏಳು ವರ್ಷ ಸುಖವಾಗಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೆ. ಮಧ್ಯಾಹ್ನ ಮಾವನ ಮಗ್ಗದ ಸದ್ದು ಕೇಳುತ್ತಾ ಅಕ್ಕಿ ಆರಿಸುವಾಗ ಮಾತ್ರ ಒಮ್ಮೊಮ್ಮೆ ಆ ಸದ್ದು ತಡವರಿಸಿ, ನಾಲ್ಕು ಏಟಿಗೆ ನಿಂತುಹೋದಂತೆ... ಎದ್ದು ಹೋಗಿ ನೋಡಿದರೆ ಮಾವ ಎಂದಿನಂತೆ ನೇಯುತ್ತಲೇ ಇರುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಕಿಡ್ನಿಯನ್ನು ಮೈ ಹೊರಗೆ ದಬ್ಬಬಾರದು ಅಂತ ನುಂಗುವ ಮಾತ್ರೆಗಳೇ ಮೈಯ ಬಲವನ್ನೂ ಕುಗ್ಗಿಸುತ್ತವೆ. ಹನ್ನೊಂದು ದಿನಕ್ಕೆ ಮಾವ ಹೋದರು. ಕೊನೆಯ ದಿನದವರೆಗೂ ಚಿಕ್ಕಮ್ಮನ ಕಿಡ್ನಿ ಕೆಲಸ ಮಾಡುತ್ತಲೇ ಇತ್ತು ಅಂತ ಡಾಕ್ಟರು ಹೇಳಿದರು. ನಮ್ಮಲ್ಲಿ ಹೂಳುತ್ತಾರೆ. ಮಣ್ಣು ಹಾಕಿ ಬಂದವರು ಕೈಕಾಲು ತೊಳೆಯುತ್ತಿದ್ದಾಗ ಚಿಕ್ಕಮ್ಮ ಜಗುಲಿಯ ಮೇಲೆ ಎಡಪಕ್ಕೆ ಹಿಡಿದುಕೊಂಡು ಕೂತಿದ್ದಳು. ನಂದೂ ಒಂದು ಹೋಯ್ತು ಅವನ ಜೊತೆ ಅಂತ ಯಾರಿಗೋ ಹೇಳುತ್ತಿದ್ದಳು.

ತಿಂಗಳ ಕಾರ್ಯ ಮುಗಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಸೋಮಂದೇಪಲ್ಲಿ, ಪೆನುಕೊಂಡ ದಾಟಿ, ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರುವ ಹೊತ್ತಿಗೆ ಮಧ್ಯಾಹ್ನ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳು ಮಗ್ಗದ ಗುಂಡಿಗೆ ಮುಚ್ಚಿದ ಹಲಗೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರು ಕೂತು ಒಂದು ಬೊಗಸೆ ತೆಗೆದುಕೊಂಡೆ.

"ಚಿಕ್ಕಮ್ಮ, ಅವತ್ತು ಆ ಮೇಡಂ ಬರ್ಕೊಳ್ಳೋವಾಗ ನಾನೂ ಮಾವನ ಅಕ್ಕನ ಮಗಳೇ ಅಂತ ಹೇಳ್ಬೋದಿತ್ತು. ನಂಗೆ ಹೊಳೀತು. ಹೇಳ್ಲಿಲ್ಲ."

ಅವಳ ಕೈ ನಿಲ್ಲಲಿಲ್ಲ.

"ಗೊತ್ತು ಕಣೆ. ನಿನ್ ಮುಖಾನೇ ನೋಡ್ತಿದ್ನಲ್ಲ."

ಮತ್ತೆ ನೀನಾದರೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ, ನನ್ನ ತಪ್ಪಿಗೆ ಅವಳ ಮೇಲೆ ಸಿಟ್ಟು. ಆಗ ಅವಳು ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದಳು. ಆಪರೇಷನ್ನಿಗೆ ಮುಂಚೆ ಡಾಕ್ಟರು ಅವಳೊಬ್ಬಳನ್ನೇ ಕೋಣೆಗೆ ಕರೆದು, ಯಾರಾದರೂ ಬಲವಂತ ಮಾಡುತ್ತಿದ್ದಾರಾ ಅಂತ ಕೇಳಿದ್ದರಂತೆ. ಇಷ್ಟವಿಲ್ಲದಿದ್ದರೆ ನನಗೆ ಮಾತ್ರ ಹೇಳಿ, ನಿಮ್ಮದು ಹೊಂದುವುದಿಲ್ಲ ಅಂತ ನಾನೇ ನಿಮ್ಮ ಮನೆಯವರಿಗೆ ಹೇಳುತ್ತೇನೆ, ಯಾರಿಗೂ ನಿಜ ತಿಳಿಯುವುದಿಲ್ಲ ಅಂದಿದ್ದರಂತೆ. ಬೇಡ ಸಾರ್, ಕೊಡ್ತೀನಿ ಅಂತ ಹೇಳಿ ಬಂದಳಂತೆ. ಇಷ್ಟು ಹೇಳಿ ಮಡಿಲಿನ ಬೀಜವನ್ನು ಮೊರಕ್ಕೆ ಸುರಿದಳು.

"ಕೊಟ್ಟಿದ್ಕೆ ನಂಗೆ ಬೇಜಾರಿಲ್ಲ," ಅಂದಳು. "ನೀನು ಹೇಳ್ತೀಯೇನೋ ಅಂತ ಕಾದೆ ಕಣೆ, ಎಲ್ಡು ತಿಂಗ್ಳೂ ಕಾದೆ. ಹೇಳಿದ್ರೆ ನಾನೇ ಬ್ಯಾಡ ಅಂತಿದ್ದೆ. ಎಲ್ಡು ಕೂಸಿನ ತಾಯಿ, ನಿನ್ನ ಕುಯ್ಯಾಕೆ ಬುಡ್ತಿದ್ನಾ ನಾನು? ನಾನ್ ಕೊಡ್ತೀನಿ ಚಿಕ್ಕಮ್ಮ ಅಂತ ಒಂದ್ ಮಾತು ನಿನ್ ಬಾಯಾಗೆ ಬರ್ಲಿ ಅಂತ ಇತ್ತು. ಅಷ್ಟೇ."

ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿಗೆ ಹೋಯಿತೋ. ಪರ್ವಾಲೇದುಲೇ, ಇರ್ಲಿ ಬುಡು, ಏಳು ಅನ್ನ ತಿನ್ನು ಅಂತ ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಗದರಿಸಿ ಎಬ್ಬಿಸಿದಳು. ಮಧ್ಯಾಹ್ನದ ಅನ್ನಕ್ಕೆ ಹುಣಸೆಹಣ್ಣಿನ ಸಾರು ಬಡಿಸಿದಳು. ನಾನು ತಿಂದೆ. ಎರಡನೆಯ ಸಲ ಹಾಕಿಸಿಕೊಂಡೂ ತಿಂದೆ.

ಅದಾಗಿ ಮೂರು ವರ್ಷಕ್ಕೆ ಒಂದು ಬೆಳಿಗ್ಗೆ ಚಿಕ್ಕಮ್ಮ ಹಾಸಿಗೆಯಿಂದ ಏಳಲಿಲ್ಲ. ಹೃದಯ ಅಂದರು. ಹತ್ತಿರದ ಹೆಣ್ಣು ಅಂತ ಇದ್ದದ್ದು ನಾನೊಬ್ಬಳೇ, ಮೈ ತೊಳೆಯುವುದು ನನ್ನ ಪಾಲಿಗೆ ಬಂತು, ಆಮೇಲೆ ಅವಳ ಆ ಪಟ್ಟಿಯೂ. ಆ ಗಾಯವನ್ನು ನಾನು ಅಷ್ಟು ವರ್ಷದಲ್ಲಿ ಸರಿಯಾಗಿ ನೋಡಿರಲಿಲ್ಲ, ನೋಡದ ಹಾಗೆ ಇದ್ದೆ. ಬೆನ್ನಿನಿಂದ ಹೊಕ್ಕುಳ ಕಡೆಗೆ ಒಂದೂವರೆ ಗೇಣು. ಅರಿಸಿನದ ನೀರು ಹಾಕಿ ಕೈಯಾಡಿಸುವಾಗ, ಕೊನೆಯ ಮೂಳೆ ಇರಬೇಕಾದ ಕಡೆ ನನ್ನ ಬೆರಳು ಮೆತ್ತಗೆ ಒಳಗೆ ಇಳಿಯಿತು... ಅದು ಈಗಲೂ ನನ್ನ ಬೆರಳಿನಲ್ಲಿದೆ. ಬಲಮಗ್ಗುಲಾಗಿ ಮಲಗಿದರೆ ನನ್ನ ಕೈ ತಾನಾಗಿ ನನ್ನ ಎಡಪಕ್ಕೆಗೆ ಹೋಗಿ, ಒಂದೊಂದೇ ಮೂಳೆ ಮುಟ್ಟುತ್ತಾ ಕೊನೆಯದು ಇದೆಯಾ ಅಂತ ನೋಡುತ್ತದೆ. ಇರುತ್ತದೆ.

ಈಗ ಅಷ್ಟೆಲ್ಲ ಕುಯ್ಯುವುದಿಲ್ಲವಂತೆ. ಮೂರು ನಾಲ್ಕು ತೂತು ಮಾಡಿ, ಕ್ಯಾಮೆರಾ ಇಳಿಸಿ, ಹೊಕ್ಕುಳ ಕೆಳಗೆ ಸಣ್ಣ ಗಾಯದಿಂದ ಈಚೆ ತೆಗೆಯುತ್ತಾರಂತೆ. ಮೂಳೆ ಮುಟ್ಟುವುದಿಲ್ಲ, ವಾರದೊಳಗೆ ಮನೆಗೆ. ಹೆಂಡತಿಯೂ ಕೊಡಬಹುದಂತೆ. ಯಾರಾದರೂ ಇದನ್ನು ಒಳ್ಳೆ ಸುದ್ದಿಯ ಹಾಗೆ ಹೇಳಿದರೆ ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸುತ್ತದೆ.

ಹೋದ ವಾರ ಹೊಟ್ಟೆನೋವು ಅಂತ ಮಗಳು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಮಗಳನ್ನು ಹೊರಗೆ ಕೂರಿಸಿದರು. ಒಳಗಿದ್ದ ಡಾಕ್ಟರು ಹುಡುಗಿ, ನನ್ನ ಚಿಕ್ಕ ಮಗಳಿಗಿಂತಲೂ ಚಿಕ್ಕವಳಿರಬೇಕು. ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಬಲಕ್ಕೆ ಎಡಕ್ಕೆ ಒತ್ತಿ ನೋಡಿ, ಪಿತ್ತಕೋಶದಲ್ಲಿ ಸಣ್ಣ ಕಲ್ಲಿದೆ ಅಜ್ಜಿ, ಮಿಕ್ಕಿದ್ದೆಲ್ಲ ಚೆನ್ನಾಗಿದೆ, ಕಿಡ್ನಿಯಂತೂ ಎರಡೂ ಬಹಳ ಚೆನ್ನಾಗಿವೆ ಅಂದಳು. ಕಂಪ್ಯೂಟರಿನ ಕಡೆ ತಿರುಗಿ, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇತ್ತಾ ಅಂತ ಕೇಳಿದಳು. ನಮ್ಮ ಯಜಮಾನರಿಗೆ ಇತ್ತು ಅಂದೆ. ಗಂಡನದು ಬೇಡ ಅಜ್ಜಿ, ರಕ್ತಸಂಬಂಧದವರಲ್ಲಿ ಯಾರಿಗಾದರೂ ಅಂದಳು.

"ಅವರು ನಮ್ಮಮ್ಮನ ತಮ್ಮ ಕಣಮ್ಮ," ಅಂದೆ. "ನಾನು ಅವರ ಅಕ್ಕನ ಮಗಳು."

ಓ, ಹಾಗಾದರೆ ಬರೆಯಬೇಕು ಅಂತ ಆ ಹುಡುಗಿ ಬರೆದುಕೊಂಡಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.